ಹಳೆಯ ಎಸ್ಟೀಮ್‌ನ ಬ್ಲೋವರ್ ಸದ್ದು ಮತ್ತು ಕೆ.ಎಂ. ರಸ್ತೆಯ ಒಂದು ಎಲೆಕ್ಟ್ರಿಕಲ್ ಅಂಗಡಿ

ಮಳೆಗಾಲದಲ್ಲಿ ಚಿಕ್ಕಮಗಳೂರಿನಿಂದ ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿಯುವವರಿಗೆ ಕಾರಿನ ಹೀಟರ್ ಬೇಕಾಗುವುದು ಚಳಿಗಿಂತ ಹೆಚ್ಚಾಗಿ ಗಾಜಿಗೆ. ಕಿಟಕಿ ಏರಿಸಿ ನಾಲ್ವರು ಕುಳಿತರೆ ಉಸಿರಿನ ತೇವವೆಲ್ಲ ತಣ್ಣಗಿನ ಮುಂದಿನ ಗಾಜಿಗೆ ಹತ್ತಿಕೊಂಡು ಎದುರಿನ ಬಸ್ಸೇ ಕಾಣದಂತಾಗುತ್ತದೆ. ನಮ್ಮ 2002ರ ಮಾರುತಿ ಎಸ್ಟೀಮ್‌ ಕಾರಿನ ಬ್ಲೋವರ್, ಅಂದರೆ ಹೀಟರ್‌ನ ಗಾಳಿಯನ್ನು ಊದುವ ಫ್ಯಾನ್, ಕಳೆದ ಚಳಿಗಾಲದಲ್ಲಿ ಕಿರಗುಟ್ಟಲು ಆರಂಭಿಸಿತು. ಬೆಳಗಿನ ಹೊತ್ತು ಹತ್ತು ನಿಮಿಷ ಕೂಗಿ, ಮೋಟಾರ್ ಬಿಸಿಯಾದ ಮೇಲೆ ಸುಮ್ಮನಾಗುತ್ತಿತ್ತು. ಘಾಟಿಯಲ್ಲಿ ಕಾರು ಎಡಕ್ಕೆ ಹೊರಳಿದಾಗ ನಿಲ್ಲುತ್ತಿದ್ದ ಸದ್ದು, ಬಲಕ್ಕೆ ಹೊರಳಿದೊಡನೆ ಮತ್ತೆ ಕೇಳಿಸುತ್ತಿತ್ತು. ಇಪ್ಪತ್ತು ವರ್ಷ ದಾಟಿದ ಕಾರಿನಲ್ಲಿ ಇದು ದೂರುವಂಥ ಸಂಗತಿಯೇನೂ ಅಲ್ಲ.

ಮೊದಲು ತೋರಿಸಿದ ಒಂದು ದೊಡ್ಡ ವರ್ಕ್‌ಶಾಪ್‌ನಲ್ಲಿ ಬಾನೆಟ್ಟನ್ನೂ ತೆರೆಯದೆ, ಡ್ಯಾಶ್‌ಬೋರ್ಡನ್ನೂ ಮುಟ್ಟದೆ, ಇಡೀ ಬ್ಲೋವರ್ ಬದಲಿಸಬೇಕೆಂದು 4,800 ರೂಪಾಯಿಯ ಅಂದಾಜು ಬರೆದುಕೊಟ್ಟರು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದವನು ಹುಡುಕಿದ್ದು ಕೆ.ಎಂ. (ಕಡೂರು-ಮಂಗಳೂರು) ರಸ್ತೆಯ ಬದಿಯಲ್ಲಿರುವ ಈ ಒಂದೇ ಶಟರ್‌ನ ಅಂಗಡಿಯನ್ನು. ಅದರ ಫಲಕದಲ್ಲಿ ಹೆಸರೆಲ್ಲ ಮಾಸಿ, 'ಸೆಲ್ಫ್, ಡೈನಮೋ ರಿಪೇರಿ' ಎಂಬಷ್ಟು ಮಾತ್ರ ಓದಲು ಬರುತ್ತದೆ.

ಇಲ್ಲಿಯ ಮೇಸ್ತ್ರಿಯವರು ಕೆಲಸ ಆರಂಭಿಸಿದ್ದು ಸ್ಪ್ಯಾನರ್‌ನಿಂದಲ್ಲ, ಕಿವಿಯಿಂದ. ಎಂಜಿನ್ ಚಾಲೂ ಮಾಡದೆ ಬರೀ ಕೀ ತಿರುಗಿಸಿ, ಬ್ಲೋವರ್ ಸ್ವಿಚ್ಚನ್ನು ಒಂದೊಂದೇ ಹಂತಕ್ಕೆ ಏರಿಸುತ್ತ, ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಮೋಟಾರಿನ ಕವಚಕ್ಕೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿ ಹಿಡಿದು ಕೇಳಿದರು. ಫ್ಯಾನಿಗೆ ಎಲೆ ತಾಗುತ್ತಿದ್ದರೆ ಟಕಟಕ ಎನ್ನುತ್ತದೆ, ರೆಕ್ಕೆ ಮುರಿದು ತೂಕ ತಪ್ಪಿದ್ದರೆ ಡ್ಯಾಶ್‌ಬೋರ್ಡೇ ನಡುಗುತ್ತದೆ, ಮೋಟಾರಿನ ಶಾಫ್ಟ್ ತಿರುಗುವ ಲೋಹದ ಬಳೆ, ಅಂದರೆ ಬುಷ್, ಒಣಗಿದ್ದರೆ ಕಿರಗುಟ್ಟುತ್ತದೆ ಎಂದು ವಿವರಿಸಿ, "ಮೋಟಾರ್ ಸತ್ತಿಲ್ಲ ಸಾರ್, ಬುಷ್ ಒಣಗಿದೆ ಅಷ್ಟೆ. ಜೊತೆಗೆ ಕಸಾನೂ ಇದೆ" ಎಂದರು.

ಗ್ಲೋವ್‌ಬಾಕ್ಸ್ ಕಳಚಿ, ಮೂರು ಸ್ಕ್ರೂ ಬಿಚ್ಚಿ, ಮೋಟಾರನ್ನು ಕೆಳಗಿಳಿಸಿದಾಗ ಅದರ ಹಿಂದೆಯೇ ಒಂದು ಬೊಗಸೆಯಷ್ಟು ಸಿಲ್ವರ್ ಓಕ್ ಎಲೆ ಮ್ಯಾಟಿನ ಮೇಲೆ ಉದುರಿತು. ತೋಟದ ಮನೆಯಲ್ಲಿ ಮರದಡಿ ಕಾರು ನಿಲ್ಲಿಸುವ ನಮ್ಮ ಅಭ್ಯಾಸದ ಫಲವಿದು. ವೈಪರ್ ಬುಡದ ಜಾಲರಿಯಿಂದ ಒಳಗಿಳಿದ ಎಲೆಯನ್ನು ತಡೆಯಲು ಈ ಕಾರಿನಲ್ಲಿ ಫಿಲ್ಟರ್ ಇಲ್ಲ. ಫ್ಯಾನಿನ ಒಂದು ರೆಕ್ಕೆಗೆ ಕಚ್ಚಿಸಿದ್ದ ಚಿಕ್ಕ ಲೋಹದ ಕ್ಲಿಪ್ಪನ್ನು ನಾನು ಕಸವೆಂದು ಭಾವಿಸಿ ಕೀಳಲು ಹೋದಾಗ ಅವರು ಕೈ ಹಿಡಿದು ತಡೆದರು. ಅದು ತೂಕ ಸರಿದೂಗಿಸಲು ಹಾಕಿದ್ದಂತೆ. ಶಾಫ್ಟ್ ಮತ್ತು ಫ್ಯಾನ್ ಎರಡಕ್ಕೂ ಬಿಳಿ ಬಣ್ಣದಲ್ಲಿ ಒಂದೇ ಗೆರೆ ಎಳೆದುಕೊಂಡ ಮೇಲೆಯೇ ಫ್ಯಾನನ್ನು ಬಿಡಿಸಿ, ಸೋಪು ನೀರಿನಲ್ಲಿ ತೊಳೆದರು.

ನಾನು ಮಾಡಿಕೊಂಡಿದ್ದ ಅವಾಂತರವನ್ನೂ ಇಲ್ಲಿ ಹೇಳಬೇಕು. ಈ ಅಂಗಡಿಗೆ ಬರುವ ಒಂದು ತಿಂಗಳ ಮೊದಲು ತುಕ್ಕು ಬಿಡಿಸುವ ಸ್ಪ್ರೇಯನ್ನು ಮೋಟಾರಿಗೆ ಹೊಡೆದಿದ್ದೆ. ಒಂದು ವಾರ ಸದ್ದಡಗಿ, ಆಮೇಲೆ ಮೊದಲಿಗಿಂತ ಜೋರಾಯಿತು. ಇಂಥ ಮೋಟಾರಿನ ಬುಷ್ ಸೂಕ್ಷ್ಮ ರಂಧ್ರಗಳಿರುವ ಕಂಚಿನದು. ತನ್ನೊಳಗೆ ಹೀರಿಕೊಂಡ ಎಣ್ಣೆಯನ್ನೇ ಸ್ವಲ್ಪಸ್ವಲ್ಪ ಒಸರುತ್ತ ವರ್ಷಗಟ್ಟಲೆ ನಡೆಯುತ್ತದೆ. ಸ್ಪ್ರೇ ಉಳಿದಿದ್ದ ಎಣ್ಣೆಯನ್ನೂ ತೊಳೆದು ಹಾಕಿತ್ತು. ಗ್ರೀಸ್ ಹಚ್ಚಿದರೂ ಆ ರಂಧ್ರಗಳಿಗೆ ಇಳಿಯುವುದಿಲ್ಲ. ಮೇಸ್ತ್ರಿಯವರು ಮೋಟಾರ್ ಬಿಚ್ಚಿ, ಶಾಫ್ಟಿನ ಮೇಲೆ ಕಪ್ಪಾಗಿದ್ದ ತಾಮ್ರದ ಕಮ್ಯುಟೇಟರನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಅದಕ್ಕೆ ವಿದ್ಯುತ್ ಮುಟ್ಟಿಸುವ, ಸವೆದ ಎರಡು ಕಾರ್ಬನ್ ಬ್ರಷ್‌ಗಳನ್ನು ಬದಲಿಸಿ, ಬುಷ್‌ಗಳಿಗೆ ತೆಳುವಾದ ಮೆಷಿನ್ ಎಣ್ಣೆಯನ್ನು ತೊಟ್ಟುತೊಟ್ಟಾಗಿ ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟರು.

ಒಟ್ಟು ಖರ್ಚು 900 ರೂಪಾಯಿ. ಅದರಲ್ಲಿ ಬ್ರಷ್ ಮತ್ತು ಎಣ್ಣೆಗೆ 250. ಈ ಮಳೆಗಾಲದಲ್ಲಿ ಐದು ಬಾರಿ ಘಾಟಿ ಇಳಿದು ಹತ್ತಿದ್ದೇವೆ. ಕಿರಗುಟ್ಟುವಿಕೆ ಮರಳಿಲ್ಲ. ನಾಲ್ಕನೆಯ ವೇಗದಲ್ಲಿ ಸಣ್ಣದೊಂದು ಗುಂಯ್‌ಗುಡುವಿಕೆ ಉಳಿದಿದೆ. ಬುಷ್ ಸ್ವಲ್ಪ ಸವೆದಿರುವುದರಿಂದ ಅದು ಪೂರ್ತಿ ಹೋಗದು ಎಂದು ಅವರು ಮೊದಲೇ ಹೇಳಿದ್ದರು.

ಕೊರತೆಗಳೂ ಇವೆ. ಸಂಜೆಗೆ ಕೊಡುತ್ತೇನೆಂದ ಕಾರು ಕೈಸೇರಿದ್ದು ಮರುದಿನ ಮಧ್ಯಾಹ್ನ. ಬಿಲ್ ಕೊಡುವ ಪದ್ಧತಿಯಿಲ್ಲ, ಕೂರಲು ಇರುವುದು ಒಂದು ಹಳೆಯ ಬ್ಯಾಟರಿ ಪೆಟ್ಟಿಗೆ ಮಾತ್ರ. ತಾಪಮಾನವನ್ನು ತಾನೇ ಹೊಂದಿಸಿಕೊಳ್ಳುವ ಎಸಿ ಇರುವ ಹೊಸ ಕಾರುಗಳನ್ನು ಅವರು ಮುಟ್ಟುವುದೇ ಇಲ್ಲ. ಒಂದು ವೇಗದಲ್ಲಿ ಮಾತ್ರ ತಿರುಗುವ ಬ್ಲೋವರ್ ಇದ್ದರೆ ಅಲ್ಲಿ ಸಾಮಾನ್ಯವಾಗಿ ಸುಟ್ಟಿರುವುದು ವೇಗ ತಗ್ಗಿಸುವ ರೆಸಿಸ್ಟರ್; ಅದನ್ನು ನೀವೇ ತಂದುಕೊಟ್ಟರೆ ಹಾಕಿಕೊಡುತ್ತಾರೆ.

ಗ್ಲೋವ್‌ಬಾಕ್ಸ್ ಕಳಚುವಾಗ ಅದರ ಒಂದು ಬದಿಯ ಪ್ಲಾಸ್ಟಿಕ್ ತಡೆ ಮುರಿಯಿತು. ಅಂಗಡಿಯ ಕೆಲಸದ ಹುಡುಗ ಮುರಿದದ್ದನ್ನು ಮುಚ್ಚಿಡದೆ ಮೇಸ್ತ್ರಿಯವರೇ ತೋರಿಸಿ, ಗುಜರಿ ಕಾರಿನದೊಂದು ಸಿಕ್ಕೊಡನೆ ಹಾಕಿಕೊಡುವುದಾಗಿ ಹೇಳಿದರು. ಎರಡು ಬಾರಿ ವಿಚಾರಿಸಿ ಬಂದೆ, ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಆ 4,800 ರೂಪಾಯಿಯ ಅಂದಾಜು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಳದ ಸಂದಿಗೆ ತುರುಕಿದ್ದೇನೆ.