ಜರ್ಮನಿಯಲ್ಲಿ ಪ್ರಿಪೇಯ್ಡ್ ಸಿಮ್: ಕೆಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಜರ್ಮನಿಗೆ ಓದಲಿಕ್ಕೋ ಕೆಲಸಕ್ಕೋ ಬರುವವರು ಮೊದಲು ಕೇಳುವುದು, ಯಾವ ಕಂಪನಿಯ ಸಿಮ್ ತಗೊಳ್ಳಲಿ ಅಂತ. ನನ್ನನ್ನು ಕೇಳಿದರೆ ಅದು ಎರಡನೇ ಪ್ರಶ್ನೆ. ಆ ಸಿಮ್ಮನ್ನು ನಿಮ್ಮ ಹೆಸರಿಗೆ ಹೇಗೆ ನೋಂದಾಯಿಸುತ್ತೀರಿ ಅನ್ನುವುದು ಮೊದಲ ಪ್ರಶ್ನೆ. ಇಲ್ಲಿ ಸಿಮ್ ಕೊಳ್ಳುವುದು ಐದು ನಿಮಿಷದ ಕೆಲಸ. ಅದನ್ನು ಚಾಲೂ ಮಾಡಿಸುವುದರಲ್ಲೇ ಹೊಸಬರು ಸುಸ್ತಾಗುತ್ತಾರೆ.

ನಾನು ಬಂದಾಗಿನಿಂದ ಬಳಸುತ್ತಿರುವುದು ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಪ್ರಿಪೇಯ್ಡ್ ಸಿಮ್. ಮಧ್ಯದಲ್ಲಿ ಕಂಪನಿ ಬದಲಿಸಿದೆ, ನಂಬರ್ ಮಾತ್ರ ಅದೇ ಉಳಿಯಿತು. ಎರಡೂ ಕಂಪನಿಗಳ ಹೆಸರು ಹಾಕುತ್ತಿಲ್ಲ. ನಾನು ಹೇಳುವ ಒಳ್ಳೆಯದು ಕೆಟ್ಟದ್ದು ಎರಡೂ ಇಲ್ಲಿನ ಹೆಚ್ಚುಕಡಿಮೆ ಎಲ್ಲ ಪ್ರಿಪೇಯ್ಡ್ ಸಿಮ್‌ಗಳಿಗೂ ಅನ್ವಯಿಸುತ್ತದೆ.

2017ರ ಜುಲೈ ತಿಂಗಳಿಂದ ಜರ್ಮನಿಯಲ್ಲಿ ಗುರುತಿನ ದಾಖಲೆ ತೋರಿಸದೆ ಪ್ರಿಪೇಯ್ಡ್ ಸಿಮ್ ಚಾಲೂ ಆಗುವುದಿಲ್ಲ. ಭಯೋತ್ಪಾದನೆ ತಡೆಯಲು ತಂದ ಕಾನೂನು ಅದು. ಅದಕ್ಕೂ ಮೊದಲು ಯಾವುದೋ ಹೆಸರು ವಿಳಾಸ ಬರೆದರೂ ಸಿಮ್ ನಡೆಯುತ್ತಿತ್ತು. ಈಗ ಹೆಸರು, ಹುಟ್ಟಿದ ದಿನ, ವಿಳಾಸ, ದಾಖಲೆಯ ನಂಬರ್ ಎಲ್ಲ ಬೇಕು, ಮತ್ತು ಆ ದಾಖಲೆ ನಿಮ್ಮದೇ ಅಂತ ಪರೀಕ್ಷೆ ಆಗಬೇಕು. ಅಂಗಡಿಯಲ್ಲೇ ಮಾಡಿಸಬಹುದು, ಅಂಚೆ ಕಚೇರಿಗೆ ಹೋಗಬಹುದು, ಮನೆಯಲ್ಲಿ ಕೂತು ವಿಡಿಯೊ ಕರೆಯಲ್ಲಿ ಮಾಡಬಹುದು, ಅಥವಾ ಇಲ್ಲಿ ವಾಸಿಸಲು ವಿದೇಶಿಯರಿಗೆ ಕೊಡುವ, ಚಿಪ್ ಇರುವ ರೆಸಿಡೆನ್ಸ್ ಕಾರ್ಡನ್ನು ಫೋನಿನ ಬೆನ್ನಿಗೆ ಹಿಡಿದು ಮುಗಿಸಬಹುದು.

ವಿಡಿಯೊ ಸುಲಭ ಅಂತ ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ನಮ್ಮಂಥವರಿಗೆ ಅದೇ ಕಷ್ಟದ್ದು. ಎಲ್ಲ ದೇಶಗಳ ಪಾಸ್‌ಪೋರ್ಟನ್ನೂ ವಿಡಿಯೊದಲ್ಲಿ ಒಪ್ಪುವುದಿಲ್ಲ. ಪಾಸ್‌ಪೋರ್ಟನ್ನು ಆ ಕಡೆ ಈ ಕಡೆ ಓರೆ ಮಾಡಿ ಅಂತಾರೆ, ಅದರ ಮೇಲಿನ ಹೊಳೆಯುವ ಗುರುತುಗಳು ಕ್ಯಾಮೆರಾದಲ್ಲಿ ಕಾಣಬೇಕು, ಬೆಳಕು ಹೆಚ್ಚಾದರೂ ಕಷ್ಟ ಕಡಿಮೆಯಾದರೂ ಕಷ್ಟ. ಜೊತೆಗೆ ಈ ಕರೆಗೆ ಒಳ್ಳೆಯ ಇಂಟರ್‌ನೆಟ್ ಬೇಕು. ಸಿಮ್ಮೇ ಇಲ್ಲದ, ಮನೆಗೆ ವೈಫೈ ಇನ್ನೂ ಬಾರದ ಮನುಷ್ಯ ಅದನ್ನು ಎಲ್ಲಿಂದ ತರಬೇಕು? ಹೊಸಬರ ಕಷ್ಟವನ್ನು ಗಮನದಲ್ಲಿಟ್ಟು ಈ ವ್ಯವಸ್ಥೆ ಮಾಡಿಲ್ಲ, ಅದು ನನಗೆ ಇವತ್ತಿಗೂ ಬೇಸರದ ವಿಷಯ.

ನನ್ನ ಸಲಹೆ ಅಂಚೆ ಕಚೇರಿ. ಪೋಸ್ಟ್‌ಇಡೆಂಟ್ ಅಂತ ಕೇಳಿದರೆ ಸಾಕು. ಸಿಮ್ ಕಂಪನಿಯ ಸೈಟ್‌ನಲ್ಲಿ ವಿವರ ತುಂಬಿದ ಮೇಲೆ ಒಂದು ಕೂಪನ್ ಬರುತ್ತದೆ, ಅದನ್ನು ಪ್ರಿಂಟ್ ಮಾಡಿಯೋ ಫೋನಿನಲ್ಲೋ ತೋರಿಸಬೇಕು. ಕೌಂಟರ್‌ನಲ್ಲಿರುವವರು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಕೂಪನ್ನಿನ ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡುತ್ತಾರೆ. ಬೆರಳಿಟ್ಟು ನೋಡುತ್ತಾರೆ, ನಿಜವಾಗಲೂ. ಒಂದು ಅಕ್ಷರ ಆಚೀಚೆ ಆದರೆ ಆಗಲ್ಲ ಅಂತ ವಾಪಸ್ ಕಳಿಸುತ್ತಾರೆ, ಹಿಂದೆ ಪಾರ್ಸೆಲ್ ಹಿಡಿದುಕೊಂಡು ನಿಂತ ಸಾಲು ಎಷ್ಟೇ ಉದ್ದ ಇರಲಿ.

ಈ ಹೆಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಕೆಲವರಿಗೆ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿರುತ್ತದೆ, ಇನ್ನು ಕೆಲವರಿಗೆ ಇನಿಷಿಯಲ್ ಬಿಡಿಸಿದಾಗ ಊರಿನ ಹೆಸರು, ಅಜ್ಜನ ಹೆಸರು ಎಲ್ಲ ಸೇರಿ ಒಂದು ಸಾಲಿನಲ್ಲಿ ಹಿಡಿಸದಷ್ಟು ಉದ್ದ ಆಗಿರುತ್ತದೆ. ಇಲ್ಲಿನ ಫಾರಂಗೆ ಇದ್ಯಾವುದೂ ಗೊತ್ತಿಲ್ಲ. ಸ್ವಂತ ಹೆಸರು ಒಂದು, ಮನೆತನದ ಹೆಸರು ಒಂದು, ಎರಡೂ ತುಂಬಿದರೇನೇ ಮುಂದಕ್ಕೆ ಬಿಡುತ್ತದೆ. ಪಾಸ್‌ಪೋರ್ಟ್‌ನ ಫೋಟೊ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತದಲ್ವಾ, ಅಲ್ಲಿ ಯಾವುದು ಮನೆತನದ ಹೆಸರಾಗಿ, ಯಾವುದು ಸ್ವಂತ ಹೆಸರಾಗಿ ಇದೆಯೋ ಹಾಗೇ ತುಂಬಿ. ಪಾಸ್‌ಪೋರ್ಟ್ ನೋಡುವವರು, ಓದುವ ಯಂತ್ರ, ಎರಡೂ ಆ ಸಾಲನ್ನೇ ನಂಬುವುದು ಜಾಸ್ತಿ. ಸರ್‌ನೇಮೇ ಇಲ್ಲದವರು ಮನೆಯ ವಿಳಾಸ ನೋಂದಾಯಿಸಿದಾಗ ಕೊಟ್ಟ ಕಾಗದದಲ್ಲಿ ನಿಮ್ಮ ಹೆಸರನ್ನು ಹೇಗೆ ಬರೆದಿದ್ದಾರೋ ಹಾಗೇ ಬರೆಯಿರಿ, ಆ ಕಾಗದವನ್ನೂ ಜೊತೆಗೆ ಒಯ್ಯಿರಿ. ಆನ್‌ಮೆಲ್ಡುಂಗ್ ಅನ್ನುತ್ತಾರೆ ಅದಕ್ಕೆ. ಮನೆ ಸೇರಿದ ಎರಡು ವಾರದೊಳಗೆ ಹೇಗೂ ಮಾಡಿಸಲೇಬೇಕು. ನಮ್ಮ ಪಾಸ್‌ಪೋರ್ಟ್‌ನಲ್ಲಿ ಇಲ್ಲಿನ ವಿಳಾಸ ಇರುವುದಿಲ್ಲ, ಹಾಗಾಗಿ ವಿಳಾಸಕ್ಕೆ ಪುರಾವೆ ಕೇಳಿದಾಗ ಇದೇ ಕಾಗದ ಕೈ ಹಿಡಿಯುತ್ತದೆ.

ರೆಸಿಡೆನ್ಸ್ ಕಾರ್ಡ್ ಕೈಗೆ ಬಂದ ಮೇಲೆ ಕೆಲಸ ಹಗುರ. ಅದರ ಆನ್‌ಲೈನ್ ಸೌಲಭ್ಯ ಚಾಲೂ ಇದ್ದು, ಮೊದಲು ಕೊಟ್ಟ ಐದಂಕಿಯ ಪಿನ್ನನ್ನು ನಿಮ್ಮದೇ ಆರಂಕಿಯ ಪಿನ್ನಿಗೆ ಬದಲಿಸಿಕೊಂಡಿದ್ದರೆ ಕೂತಲ್ಲೇ ಗುರುತು ಸಾಬೀತಾಗುತ್ತದೆ. ಎರಡನೇ ಸಿಮ್ಮನ್ನು ನಾನು ಹೀಗೇ ಮಾಡಿಕೊಂಡೆ, ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ಆದರೆ ಕಾರ್ಡ್ ಬರಲಿಕ್ಕೇ ತಿಂಗಳುಗಟ್ಟಲೆ ಹಿಡಿಯುವುದರಿಂದ ಮೊದಲ ಸಿಮ್ಮಿಗೆ ಇದು ಉಪಯೋಗಕ್ಕೆ ಬರುವುದಿಲ್ಲ.

ಸಿಮ್ಮನ್ನು ಆನ್‌ಲೈನ್ ತರಿಸುವವರಿಗೆ ಒಂದು ಮಾತು. ಕಟ್ಟಡದ ಬಾಗಿಲ ಬಳಿಯ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಫ್ಲಾಟ್ ನಂಬರ್ ನೋಡಿ ಹಾಕುವ ಪದ್ಧತಿ ಇಲ್ಲಿಲ್ಲ, ಹೆಸರೇ ಎಲ್ಲ. ಬೇರೆಯವರ ರೂಮಿನಲ್ಲಿ ತಾತ್ಕಾಲಿಕವಾಗಿ ಇದ್ದರೆ ಒಂದು ಚೀಟಿಯಲ್ಲಿ ಹೆಸರು ಬರೆದು ಡಬ್ಬಿಗೆ ಅಂಟಿಸಿ, ಇಲ್ಲವಾದರೆ ಸುಮ್ನೆ ಅಂಗಡಿಯಿಂದಲೇ ಕೊಂಡು ತನ್ನಿ. ಸ್ಟಾರ್ಟರ್ ಪ್ಯಾಕ್ ಸುಮಾರು 10 ಯೂರೊ. ಭಾನುವಾರ ಬಂದಿಳಿದರೆ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ. ಅಂಥ ಒಂದೆರಡು ದಿನಕ್ಕೆ ಹೊರಡುವ ಮೊದಲೇ ಪ್ರವಾಸಿಗರ ಇ-ಸಿಮ್ ಹಾಕಿಕೊಂಡು ಬಂದರೆ ನಡೆಯುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಡೇಟಾ ಮಾತ್ರ, ಜರ್ಮನ್ ನಂಬರ್ ಸಿಗುವುದಿಲ್ಲ.

ಈಗ ಯಾವುದು ತಗೊಳ್ಳಬೇಕು ಅನ್ನುವ ಮಾತಿಗೆ ಬರುತ್ತೇನೆ. ಕಪಾಟಿನಲ್ಲಿ ಹತ್ತಾರು ಹೆಸರು ಕಂಡರೂ ಅವುಗಳ ಹಿಂದೆ ಇರುವ ನೆಟ್‌ವರ್ಕ್ ಕೆಲವೇ. ಟೆಲಿಕಾಮ್, ವೋಡಾಫೋನ್, ಓ-ಟೂ. ಒನ್ ಅಂಡ್ ಒನ್ ಕಂಪನಿ 2023ರ ಕೊನೆಯಲ್ಲಿ ನಾಲ್ಕನೆಯದಾಗಿ ಸೇರಿಕೊಂಡಿತು, ತನ್ನ ಟವರ್ ಇಲ್ಲದ ಕಡೆ ಅದು ವೋಡಾಫೋನ್ ಬಳಸುತ್ತದೆ. ಆಲ್ಡಿ ಟಾಕ್ ನಡೆಯುವುದು ಓ-ಟೂ ಮೇಲೆ, ಲಿಡಲ್ ಕನೆಕ್ಟ್ ವೋಡಾಫೋನ್ ಮೇಲೆ, ಪೆನ್ನಿ ಮೊಬಿಲ್ ಟೆಲಿಕಾಮ್ ಮೇಲೆ. ಅಂದರೆ ಪ್ಯಾಕೆಟ್ ಮೇಲಿನ ಹೆಸರಿಗಿಂತ ಒಳಗಿನ ನೆಟ್‌ವರ್ಕ್ ನೋಡಿ ತಗೊಳ್ಳಿ. ಹಳ್ಳಿ ಕಡೆ, ಗುಡ್ಡಗಾಡಿನ ಕಡೆ ಟೆಲಿಕಾಮ್ ಚೆನ್ನಾಗಿ ಸಿಗುತ್ತದೆ ಅನ್ನುವುದು ಸಾಮಾನ್ಯ ಅಭಿಪ್ರಾಯ, ನನ್ನ ಅನುಭವವೂ ಅದೇ. ದೊಡ್ಡ ಊರಿನೊಳಗೇ ಇರುವವರು ಕಡಿಮೆ ದುಡ್ಡಿನದ್ದು ತಗೊಂಡರೂ ದೊಡ್ಡ ನಷ್ಟವೇನಿಲ್ಲ.

ಆದರೂ ಬೇರೆಯವರ ಮಾತು ಕೇಳಿ ನಿರ್ಧರಿಸಬೇಡಿ. ಹಳೇ ಕಟ್ಟಡಗಳ ಗೋಡೆ ಎಷ್ಟು ದಪ್ಪ ಅಂದರೆ ರಸ್ತೆಯಲ್ಲಿ ತುಂಬಿದ್ದ ಸಿಗ್ನಲ್ ಅಡುಗೆಮನೆಗೆ ಬರುವಷ್ಟರಲ್ಲಿ ಒಂದು ಕಡ್ಡಿಗೆ ಇಳಿದಿರುತ್ತದೆ. ನಾನು ಕಂಪನಿ ಬದಲಿಸಿದ್ದೇ ಈ ಕಾರಣಕ್ಕೆ. ಮನೆಗೆ ಬಂದ ಗೆಳೆಯರ ಫೋನನ್ನು ನೀವು ಕೂತು ಕೆಲಸ ಮಾಡುವ ಜಾಗದಲ್ಲಿ ಇಟ್ಟು ನೋಡಿ, ಯಾವ ನೆಟ್‌ವರ್ಕ್ ಒಳಗೆ ಬರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ವೈಫೈ ಮೇಲೆ ಕರೆ ಮಾಡುವ ಸೌಲಭ್ಯ ಆ ಸಿಮ್‌ನಲ್ಲಿದೆಯಾ ಅಂತಲೂ ಕೇಳಿಕೊಳ್ಳಿ.

ಹಳೇ ಫೋನ್ ತಂದವರು ಇನ್ನೊಂದು ನೋಡಬೇಕು. ಜರ್ಮನಿಯಲ್ಲಿ 2021ರಲ್ಲೇ 3ಜಿ ನಿಲ್ಲಿಸಿದ್ದಾರೆ. 4ಜಿ ಮೇಲೆ ಮಾತಾಡುವ ಸೌಲಭ್ಯ, ಅಂದರೆ ವೋಲ್ಟಿ, ನಿಮ್ಮ ಫೋನಿನಲ್ಲಿ ಇಲ್ಲಿನ ನೆಟ್‌ವರ್ಕ್ ಜೊತೆ ಕೆಲಸ ಮಾಡದಿದ್ದರೆ ಕರೆ ಬಂದ ಕೂಡಲೇ ಫೋನ್ 2ಜಿಗೆ ಇಳಿಯುತ್ತದೆ. ಟೆಲಿಕಾಮ್ 2028ರಲ್ಲಿ 2ಜಿಯನ್ನೂ ಮುಚ್ಚುವುದಾಗಿ ಹೇಳಿದೆ. ಆಮೇಲೆ ಅಂಥ ಫೋನಿನಲ್ಲಿ ಇಂಟರ್‌ನೆಟ್ ಬಂದರೂ ಮಾಮೂಲಿ ಕರೆ ಹೋಗುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ನನಗೆ ಹಿಡಿಸದ್ದು ಈ ನಾಲ್ಕು ವಾರದ ಪ್ಯಾಕ್. ಪ್ರಿಪೇಯ್ಡ್‌ನಲ್ಲಿ ತಿಂಗಳು ಅಂದರೆ 28 ದಿನ, ಹಾಗಾಗಿ ವರ್ಷಕ್ಕೆ 13 ಸಲ ಕಟ್ಟುತ್ತೀರಿ. 10 ಯೂರೊ ಪ್ಯಾಕ್ ಅಂದುಕೊಂಡದ್ದು ವರ್ಷಕ್ಕೆ 130 ಯೂರೊ. ನವೀಕರಣದ ದಿನ ಬ್ಯಾಲೆನ್ಸ್ ಸಾಲದಿದ್ದರೆ ಪ್ಯಾಕ್ ನಿಲ್ಲುತ್ತದೆ, ಆಮೇಲೆ ಕೆಲವು ಸಿಮ್‌ಗಳಲ್ಲಿ ಕರೆಗೂ ಡೇಟಾಕ್ಕೂ ಬಿಡಿಬಿಡಿಯಾಗಿ ಬ್ಯಾಲೆನ್ಸ್ ಕರಗುತ್ತದೆ. ಬ್ಯಾಂಕ್ ಖಾತೆ ಆಗುವವರೆಗೆ ಸೂಪರ್‌ಮಾರ್ಕೆಟ್ ಕೌಂಟರ್‌ನಲ್ಲೇ ಟಾಪ್-ಅಪ್ ಕೊಳ್ಳಬಹುದು, ಬಿಲ್ಲಿನ ಮೇಲೆ ಕೋಡ್ ಅಚ್ಚಾಗಿ ಬರುತ್ತದೆ. ಆ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ, ಕೂಡಲೇ ಹಾಕಿಕೊಳ್ಳಿ. ಬಹಳ ದಿನ ಟಾಪ್-ಅಪ್ ಮಾಡದೇ ಬಿಟ್ಟರೆ ನಂಬರೇ ರದ್ದಾಗಬಹುದು.

ಇಷ್ಟಾದರೂ ಮೊದಲ ವರ್ಷ ಪ್ರಿಪೇಯ್ಡೇ ಸರಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಕಾಂಟ್ರಾಕ್ಟ್ (ಪೋಸ್ಟ್‌ಪೇಯ್ಡ್) ಅಂದರೆ ಹೆಚ್ಚಾಗಿ 24 ತಿಂಗಳ ಕಟ್ಟುಪಾಡು. ಜೊತೆಗೆ ಶೂಫಾ ಅನ್ನುವ ಸಂಸ್ಥೆಯಲ್ಲಿ ನಿಮ್ಮ ಸಾಲ ತೀರಿಸುವ ಇತಿಹಾಸ ನೋಡುತ್ತಾರೆ. ಹೊಸಬರಿಗೆ ಅಲ್ಲಿ ಇತಿಹಾಸವೇ ಇರುವುದಿಲ್ಲ, ಅದೇ ಕಾರಣಕ್ಕೆ ಅರ್ಜಿ ತಿರಸ್ಕಾರ ಆಗಬಹುದು. ಇನ್ನೂ ಮುಖ್ಯವಾದದ್ದು, ಆನ್‌ಲೈನ್ ಮಾಡಿದ ಕಾಂಟ್ರಾಕ್ಟನ್ನು 14 ದಿನದೊಳಗೆ ಕಾರಣ ಕೊಡದೆ ವಾಪಸ್ ತಗೊಳ್ಳಬಹುದು, ಅಂಗಡಿಯಲ್ಲಿ ಕೂತು ಸಹಿ ಹಾಕಿದ್ದಕ್ಕೆ ಈ ಹಕ್ಕಿಲ್ಲ. ಭಾಷೆ ಸರಿಯಾಗಿ ಬಾರದ ಹುಡುಗರನ್ನು ಹೊಸ ಫೋನ್ ತೋರಿಸಿ ಕೂರಿಸಿ ಸಹಿ ಹಾಕಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಸಿಟ್ಟು ಬರುತ್ತದೆ. ಕಾಗದವನ್ನು ಮನೆಗೆ ತಂದು ಓದಿ ಆಮೇಲೆ ಸಹಿ ಮಾಡಿ. 2021ರ ಡಿಸೆಂಬರ್‌ನಿಂದ ಒಂದು ಒಳ್ಳೆಯ ಬದಲಾವಣೆ ಆಗಿದೆ. ಮೊದಲ ಅವಧಿ ಮುಗಿದ ಮೇಲೆ ಕಾಂಟ್ರಾಕ್ಟ್ ತಾನಾಗಿ ಮುಂದುವರಿದರೂ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಿಸಿಕೊಳ್ಳಬಹುದು. ಮೊದಲು ಹಾಗಿರಲಿಲ್ಲ, ಮತ್ತೊಂದು ವರ್ಷ ಸಿಕ್ಕಿಬೀಳುತ್ತಿದ್ದರು.

ಅದೇ ಕಾನೂನಿನಿಂದ ಕಂಪನಿ ಬದಲಿಸುವಾಗ ಹಳೇ ನಂಬರ್ ಒಯ್ಯುವುದೂ ಉಚಿತವಾಯಿತು. ಇದು ನನಗೆ ತುಂಬಾ ಸಹಾಯ ಆಯಿತು. ಬ್ಯಾಂಕ್, ಆರೋಗ್ಯ ವಿಮೆ, ಮನೆ ಮಾಲೀಕರು, ಡಾಕ್ಟರ ಅಪಾಯಿಂಟ್‌ಮೆಂಟ್, ಎಲ್ಲ ಕಡೆ ಒಂದೇ ನಂಬರ್ ಕೊಟ್ಟಿರುತ್ತೀರಿ. ಅದನ್ನು ಬದಲಿಸುವುದು ಬೇಡವೇ ಬೇಡ. ಆದರೆ ಇಲ್ಲೂ ಹೆಸರು, ಹುಟ್ಟಿದ ದಿನ ಎರಡು ಕಂಪನಿಗಳಲ್ಲೂ ಒಂದೇ ಥರ ಇರಬೇಕು. ಮುಂದಿನ ಹೆಸರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಆಗಿ ನನ್ನ ಅರ್ಜಿ ತಿರಸ್ಕಾರ ಆಗಿತ್ತು. ಹಳೇ ಕಂಪನಿಯವರು ತಮ್ಮ ದಾಖಲೆಯಲ್ಲಿ ಅದಲು ಬದಲು ಮಾಡಿಟ್ಟಿದ್ದರು. ಸರಿಪಡಿಸಿ ಅಂತ ಫೋನ್ ಮಾಡಿದರೆ ಜರ್ಮನ್ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡಲಿಲ್ಲ. ಬರೆದು ಕಳಿಸಿದ್ದಕ್ಕೆ ಉತ್ತರ ಬಂತು, ಕೆಲಸವೂ ಆಯಿತು. ಫೋನಿಗಿಂತ ಬರಹ ವಾಸಿ.

ರೋಮಿಂಗ್ ವಿಷಯದಲ್ಲಿ ಪೂರ್ತಿ ಮೆಚ್ಚುಗೆ. 2017ರ ಜೂನ್‌ನಿಂದ ಯುರೋಪಿಯನ್ ಯೂನಿಯನ್ ದೇಶಗಳಲ್ಲಿ, ಜೊತೆಗೆ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್‌ನಲ್ಲಿ ಜರ್ಮನಿಯೊಳಗಿನ ದರವೇ ನಡೆಯುತ್ತದೆ. ಪ್ಯಾರಿಸ್‌ಗೆ ಹೋದರೂ ಪ್ರಾಗ್‌ಗೆ ಹೋದರೂ ಅದೇ ಪ್ಯಾಕ್. ಸ್ವಿಟ್ಜರ್‌ಲೆಂಡ್ ಮಾತ್ರ ಇದರಲ್ಲಿಲ್ಲ. ಕಾನ್‌ಸ್ಟಾನ್ಸ್ ಅನ್ನುವ ಸ್ವಿಸ್ ಗಡಿಯ ಊರಿನಲ್ಲಿ ಸರೋವರದ ದಂಡೆಯ ಮೇಲೆ ನಡೆಯುತ್ತಿದ್ದರೆ ಗಡಿ ದಾಟದೆಯೇ ಫೋನು ಆಚೆ ಕಡೆಯ ಟವರ್ ಹಿಡಿಯುತ್ತದೆ. ಪರದೆಯ ಮೂಲೆಯಲ್ಲಿ ಹೆಸರು ಬದಲಾಗಿರುತ್ತದೆ, ಯಾರೂ ಗಮನಿಸುವುದಿಲ್ಲ. ಕೆಲವು ಪ್ಯಾಕ್‌ಗಳಲ್ಲಿ ಸ್ವಿಟ್ಜರ್‌ಲೆಂಡ್ ಸೇರಿರುತ್ತದೆ, ನಿಮ್ಮದರಲ್ಲಿ ಇಲ್ಲವಾದರೆ ಆ ಕಡೆ ಹೋದಾಗ ಡೇಟಾ ರೋಮಿಂಗ್ ಆರಿಸಿಡಿ.

ಪಿನ್ ಬಗ್ಗೆಯೂ ಹೇಳಬೇಕು. ಇಲ್ಲಿನ ಸಿಮ್‌ಗಳಿಗೆ ಮೊದಲಿನಿಂದಲೇ ಪಿನ್ ಇರುತ್ತದೆ, ಫೋನ್ ಆರಿಸಿ ಹಚ್ಚಿದಾಗಲೆಲ್ಲ ಕೇಳುತ್ತದೆ. ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್ಮಿನ ಬೀಗ ತೆಗೆಯುವ ನಂಬರ್, ಬೇಕು. ಅದು ಇರುವುದು ಸಿಮ್ ಮುರಿದು ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅಥವಾ ಜೊತೆಗೆ ಬಂದ ಕಾಗದದಲ್ಲಿ. ಎಸೆಯಬೇಡಿ, ಫೋಟೊ ತೆಗೆದು ಬೇರೆ ಕಡೆ ಇಡಿ. ಇನ್ನೊಂದು, 2009ರಿಂದ ಜರ್ಮನಿಯಲ್ಲಿ ಸಿಮ್ ಇಲ್ಲದ ಫೋನಿನಿಂದ ತುರ್ತು ಸಹಾಯದ ನಂಬರ್ 112ಕ್ಕೆ ಕರೆ ಹೋಗುವುದಿಲ್ಲ. ಸುಳ್ಳು ಕರೆಗಳು ಜಾಸ್ತಿಯಾಗಿ ಹಾಗೆ ಮಾಡಿದರು. ಆದ್ದರಿಂದ ಸಿಮ್ ಚಾಲೂ ಆಗುವವರೆಗೆ ಊರಿನ ಸಿಮ್ಮನ್ನು ರೋಮಿಂಗ್‌ನಲ್ಲಾದರೂ ಫೋನಿನಲ್ಲೇ ಇಟ್ಟುಕೊಂಡಿರಿ.

ದೇಶ ಬಿಟ್ಟು ಹೊರಡುವವರು ಉಳಿದ ಬ್ಯಾಲೆನ್ಸ್ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಅದು ನಿಮ್ಮ ದುಡ್ಡು. ಸಿಮ್ ರದ್ದು ಮಾಡುತ್ತೇನೆ, ಬ್ಯಾಲೆನ್ಸ್ ಈ ಖಾತೆಗೆ ಹಾಕಿ ಅಂತ ಬರೆದು ಕೇಳಿದರೆ ಕಂಪನಿ ವಾಪಸ್ ಕೊಡಬೇಕು. ಹಳೇ ಸಿಮ್ಮಿನಲ್ಲಿ ಉಳಿದಿದ್ದ ಸ್ವಲ್ಪ ಯೂರೊ ನನಗೆ ಹೀಗೇ ಖಾತೆಗೆ ಬಂತು. ಇಲ್ಲಿನ ಬ್ಯಾಂಕ್ ಖಾತೆ ಮುಚ್ಚುವ ಮೊದಲೇ ಈ ಪತ್ರ ಬರೆಯಿರಿ.