ಆಯಾಕುಚೋದ ಸ್ಮೃತಿ ಸಂಗ್ರಹಾಲಯ: ಹೋಗುವ ಮುನ್ನ ಓದಿಕೊಳ್ಳಿ

ಪೆರುವಿಗೆ ಹೋಗುವ ನಮ್ಮವರ ಪ್ರವಾಸ ಸಾಮಾನ್ಯವಾಗಿ ಲಿಮಾ, ಕುಸ್ಕೊ, ಮಾಚು ಪಿಚು ಎಂದು ಮುಗಿಯುತ್ತದೆ. ಆಂಡೀಸ್ ಬೆಟ್ಟಗಳ ನಡುವಿನ ಆಯಾಕುಚೋ ನಗರ ಆ ಪಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿನ ಲಿಬರ್ಟಾಡ್ ರಸ್ತೆಯ ಮುಂದುವರಿದ ಭಾಗದಲ್ಲಿ, ಹೊರಗೋಡೆಯ ತುಂಬ ಚಿತ್ರ ಬರೆದಿರುವ ಒಂದು ಸಾಧಾರಣ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ‘ಮತ್ತೆ ಹೀಗಾಗದಿರಲಿ’ ಎಂಬ ಹೆಸರಿನ ಸಂಗ್ರಹಾಲಯವಿದೆ. 1980ರಲ್ಲಿ ಶುರುವಾದ ಆಂತರಿಕ ಯುದ್ಧದಲ್ಲಿ ನಾಪತ್ತೆಯಾದವರ ತಾಯಂದಿರು, ಹೆಂಡಂದಿರು ಕಟ್ಟಿದ ಅನ್ಫಾಸೆಪ್ ಸಂಘಟನೆ 2005ರ ಅಕ್ಟೋಬರ್‌ನಲ್ಲಿ ಇದನ್ನು ತೆರೆಯಿತು. ಪ್ರವೇಶಕ್ಕೆ ಕೆಲವೇ ಸೋಲ್ (ಪೆರುವಿನ ಹಣ) ಸಾಕು, ಒಂದು ಗಂಟೆಯಲ್ಲಿ ಸುತ್ತಿ ಬರಬಹುದು. ಇಲ್ಲಿನ ವಸ್ತುಗಳಿಗೆ ಸಾಟಿಯಿಲ್ಲ, ವಿವರಣೆ ಮಾತ್ರ ಸಾಲದು. ಹಿನ್ನೆಲೆ ತಿಳಿಯದೆ ಹೋದವರು ಕ್ರೌರ್ಯವನ್ನಷ್ಟೇ ನೋಡಿ ಬರುತ್ತಾರೆ, ಈ ಹೆಂಗಸರು ಮಾಡಿದ ಕೆಲಸ ಅವರ ಕಣ್ಣಿಗೆ ಬೀಳುವುದಿಲ್ಲ.

1980ರ ಮೇ 17ರಂದು ಚುಸ್ಚಿ ಎಂಬ ಊರಿನಲ್ಲಿ ಮತಪೆಟ್ಟಿಗೆಗಳನ್ನು ಸುಟ್ಟು ‘ಶೈನಿಂಗ್ ಪಾತ್’ ಮಾವೋವಾದಿಗಳು ಯುದ್ಧ ಶುರುಮಾಡಿದರು. 1982ರ ಕೊನೆಯಲ್ಲಿ ಆಯಾಕುಚೋ ಸೇನೆಯ ಕೈಗೆ ಹೋಯಿತು. ಮುಂದಿನ ವರ್ಷದಿಂದಲೇ ಮನೆಗಳಿಂದ ಜನರನ್ನು ಎಳೆದೊಯ್ಯುವುದು ಮಾಮೂಲಾಯಿತು. 1983ರ ಜುಲೈ 2ರ ರಾತ್ರಿ ಆಂಜೆಲಿಕಾ ಮೆಂಡೋಸಾ ಎಂಬ, ಆಂಡೀಸ್‌ನ ಮೂಲನಿವಾಸಿ ಭಾಷೆ ಕೆಚುವಾ ಆಡುವ ತಾಯಿಯ ಮಗ, 19 ವರ್ಷದ ಆರ್ಕಿಮೆಡಿಸ್‌ನನ್ನು ಸೈನಿಕರು ಮನೆಯಿಂದ ಒಯ್ದರು. ಮರುದಿನದಿಂದ ಆಕೆ ಬ್ಯಾರಕ್, ಪೊಲೀಸ್ ಠಾಣೆ, ಪ್ರಾಸಿಕ್ಯೂಟರ್ ಕಚೇರಿ, ಹೆಣಗಳನ್ನು ಎಸೆಯುತ್ತಿದ್ದ ಕೊರಕಲು ಎಂದು ಅಲೆಯತೊಡಗಿದರು. ಹೋದಲ್ಲೆಲ್ಲ ಅದೇ ಹೆಂಗಸರು ಎದುರಾಗುತ್ತಿದ್ದರು. ಸೆಪ್ಟೆಂಬರ್ 2ರಂದು ಆಕೆ, ಟಿಯೊಡೊಸಿಯಾ ಕುಯಾ, ಆಂಟೋನಿಯಾ ಸಾಗಾ ಸೇರಿ ಸಂಘ ಕಟ್ಟಿದರು. ಮಾನವ ಹಕ್ಕು ಎಂಬ ಮಾತು ಅವರ ಬಾಯಿಗೆ ಬಂದದ್ದು ಆಮೇಲೆ. ಮೊದಲು ಬಂದದ್ದು ಕಚೇರಿಗಳ ಮುಂದಿನ ಸರದಿ ಸಾಲು.

ಅವರು ಮಾಡಿದ್ದು ಏನು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಗೋಡೆಯ ಫಲಕಗಳು ಅದನ್ನು ಹೇಳುವುದಿಲ್ಲ. ‘ಅಂಥವರು ಯಾರೂ ನಮ್ಮಲ್ಲಿಲ್ಲ’ ಎಂಬುದು ಬ್ಯಾರಕ್‌ನ ಸಿದ್ಧ ಉತ್ತರ. ಬಂಧನದ ದಾಖಲೆಯೇ ಇಲ್ಲದ ಮೇಲೆ ಬಂಧಿತನನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ನಿಲ್ಲುವುದಿಲ್ಲ. ಹಾಗಾಗಿ ದಾಖಲೆಯನ್ನು ಕುಟುಂಬದವರೇ ಹುಟ್ಟಿಸಬೇಕಿತ್ತು: ಹೆಸರು, ದಿನಾಂಕ, ಹೊತ್ತು, ಯಾವ ಸಮವಸ್ತ್ರ, ಎಂಥ ವಾಹನ, ಯಾರು ಕಂಡರು, ಮೈಮೇಲೆ ಯಾವ ಬಟ್ಟೆಯಿತ್ತು. ಆರ್ಕಿಮೆಡಿಸ್ ಆಯಾಕುಚೋದ ಲೋಸ್ ಕಾಬಿಟೋಸ್ ಎಂಬ ಸೇನಾ ಬ್ಯಾರಕ್‌ನೊಳಗಿಂದ ತಾಯಿಗೆ ಒಂದು ಚೀಟಿ ಕಳಿಸಿದ್ದ. ಅವನು ಅಲ್ಲಿದ್ದ ಎಂಬುದಕ್ಕೆ ಅವನ ಕೈಬರಹವೇ ಪುರಾವೆಯಾಯಿತು. ಕೆಚುವಾ ಮಾತ್ರ ಬಲ್ಲ, ಓದು ಬಾರದ ಹೆಂಗಸರಿಗೆ ಸ್ಪ್ಯಾನಿಷ್ ಕಚೇರಿಗಳು ಇನ್ನೊಂದು ಗೋಡೆ. ಗುಮಾಸ್ತರು ಕೆಚುವಾ ಹೆಸರನ್ನು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಬರೆದರೆ ಒಬ್ಬನೇ ಮನುಷ್ಯ ಎರಡು ಮೂರು ಜನರಾಗಿಬಿಡುತ್ತಾನೆ. ಎಷ್ಟೋ ಊರುಗಳಲ್ಲಿ ಜನನ ನೋಂದಣಿ ಪುಸ್ತಕಗಳನ್ನು ಮಾವೋವಾದಿಗಳು ಸುಟ್ಟಿದ್ದರು. ಅಲ್ಲಿ ಮಗ ಹುಟ್ಟಿದ್ದನೆಂಬುದಕ್ಕೂ ಕಾಗದವಿರಲಿಲ್ಲ.

ಇದರ ಜೊತೆಗೇ ಅನಾಥ ಮಕ್ಕಳಿಗೆ ಊಟ ಹಾಕಬೇಕಿತ್ತು. ಸಂಘದ ಊಟದ ಮನೆಗೆ ಅರ್ಜೆಂಟೀನಾದ ನೊಬೆಲ್ ಪುರಸ್ಕೃತ ಅಡಾಲ್ಫೋ ಪೆರೆಸ್ ಎಸ್ಕಿವೆಲ್ ಹೆಸರಿಟ್ಟದ್ದು ಸುಮ್ಮನೆ ಅಲ್ಲ. 1985ರಲ್ಲಿ ಅವರು ಆಯಾಕುಚೋಗೆ ಬಂದು ಈ ಹೆಂಗಸರ ಜೊತೆ ನಡೆದಿದ್ದರು. ಅಂದಿನ ಮೇಯರ್ ಲಿಯೊನೋರ್ ಸಮೋರಾ ಇವರ ಬೆನ್ನಿಗಿದ್ದರು. 1991ರಲ್ಲಿ ಆಕೆಯ ಕೊಲೆಯಾಯಿತು.

ಇನ್ನು ಒಳಗೆ. ಮೊದಲು ನೋಡಬೇಕಾದದ್ದು ಗಾಜಿನ ಪೆಟ್ಟಿಗೆಗಳಲ್ಲಿರುವ, ನಾಪತ್ತೆಯಾದವರ ಬಟ್ಟೆಗಳು. ಅವಸರಪಡಬೇಡಿ. ಹೊಲಿಗೆ, ತೇಪೆ, ಹೆಣಿಗೆಯ ನಮೂನೆ ಗಮನಿಸಿ. ಹೆಣ ಹೂತ ಗುಂಡಿ ಅಗೆದಾಗ ಮುಖ ಉಳಿದಿರುವುದಿಲ್ಲ; ತಾನೇ ಹೆಣೆದ ಸ್ವೆಟರನ್ನೋ ತಾನೇ ಹಾಕಿದ ತೇಪೆಯನ್ನೋ ನೋಡಿ ತಾಯಿ ಗುರುತು ಹಿಡಿಯುತ್ತಾಳೆ. ಈ ಬಟ್ಟೆಗಳನ್ನು ಅವಳು ನೋಡುವ ಕಣ್ಣಿನಿಂದ ನೋಡಬೇಕು. ಮೆರವಣಿಗೆಗಳಲ್ಲಿ ಹೊತ್ತು ನಡೆದ, ‘ಕೊಲ್ಲಬೇಡ’ ಎಂದು ಬರೆದ ಶಿಲುಬೆ ಮತ್ತು ಸಂಘದ ಬ್ಯಾನರ್ ಕೂಡ ಇವೆ. ಶಿಲುಬೆ ಹಿಡಿದದ್ದರಲ್ಲಿ ಭಕ್ತಿಯಷ್ಟೇ ಲೆಕ್ಕಾಚಾರವೂ ಇತ್ತೆಂದು ನಮ್ಮ ಊಹೆ. ಕ್ಯಾಥಲಿಕ್ ನಾಡಿನಲ್ಲಿ ಶಿಲುಬೆ ಹೊತ್ತ ಮುದುಕಿಗೆ ಲಾಠಿ ಬೀಸುವ ಮುನ್ನ ಸಿಪಾಯಿ ಎರಡು ಸಲ ಯೋಚಿಸಬೇಕಾಗುತ್ತದೆ. ರೆತಾಬ್ಲೊ ಎಂಬ ಸ್ಥಳೀಯ ಕಲೆಯೂ ಇಲ್ಲಿದೆ: ಹೂವು ಬಿಡಿಸಿದ ಬಾಗಿಲುಗಳ ಮರದ ಪೆಟ್ಟಿಗೆ, ಒಳಗೆ ಆಲೂಗಡ್ಡೆ ಮತ್ತು ಜಿಪ್ಸಮ್ ಕಲಸಿದ ಕಣಕದ ಗೊಂಬೆಗಳು. ಹಬ್ಬ, ಸಂತೆ, ಯೇಸುವಿನ ಜನನ ತೋರಿಸುತ್ತಿದ್ದ ಪೆಟ್ಟಿಗೆಯಲ್ಲಿ ಇಲ್ಲಿ ಸೈನಿಕರಿದ್ದಾರೆ.

ಹಿಂಸೆಯ ಕೋಣೆ ಮತ್ತು ಸಾಮೂಹಿಕ ಗೋರಿಯ ಮಾದರಿಗಳು ಅಷ್ಟು ಸಮಾಧಾನ ತರುವುದಿಲ್ಲ. ಪುಟ್ಟ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಡಿ. ಅಸಲಿ ಬಟ್ಟೆಯ ಪಕ್ಕದಲ್ಲಿ ಮಾಡಿಟ್ಟ ಅಸ್ಥಿಪಂಜರ ಸಪ್ಪೆಯಾಗಿ ಕಾಣುತ್ತದೆ.

ದೊಡ್ಡ ಕೊರತೆ ಬೇರೆಯದು. ಈ ಯುದ್ಧದ ತನಿಖೆಗೆ ಸರ್ಕಾರ ನೇಮಿಸಿದ ಸತ್ಯ ಮತ್ತು ಸಂಧಾನ ಆಯೋಗ 2003ರ ಆಗಸ್ಟ್ 28ರಂದು ಕೊಟ್ಟ ವರದಿಯ ಅಂದಾಜಿನಲ್ಲಿ ಸತ್ತವರು, ನಾಪತ್ತೆಯಾದವರು 69,280. ದಾಖಲಾದ ಸಾವುಗಳಲ್ಲಿ ಶೇ 54ರಷ್ಟಕ್ಕೆ ಶೈನಿಂಗ್ ಪಾತ್ ಹೊಣೆ. ಸತ್ತವರಲ್ಲಿ ಶೇ 75ರಷ್ಟು ಜನರ ತಾಯ್ನುಡಿ ಕೆಚುವಾ ಅಥವಾ ಬೇರೆ ಸ್ಥಳೀಯ ಭಾಷೆ. ಇಲ್ಲಿ ಕಾಣುವುದು ಬಹುಪಾಲು ಸೇನೆಯ ಕೃತ್ಯ. ಸೇನೆ ಒಯ್ದವರ ಮನೆಯವರು ಕಟ್ಟಿದ ಜಾಗವಾದ್ದರಿಂದ ಅದು ಸಹಜ, ತಪ್ಪೆನ್ನಲಾಗದು. ಆದರೆ ಯುದ್ಧದ ಪೂರ್ತಿ ಚಿತ್ರ ಬೇಕಿದ್ದರೆ ಲಿಮಾದ ಮಿರಾಫ್ಲೋರೆಸ್‌ನಲ್ಲಿರುವ ‘ಲುಮ್’ ಸ್ಮೃತಿ ಕೇಂದ್ರವನ್ನು ಮೊದಲು ನೋಡಿ. ಅದು ಸರ್ಕಾರಿ, ಅಚ್ಚುಕಟ್ಟು, ಸ್ವಲ್ಪ ತಣ್ಣಗೆ. ಎರಡನ್ನೂ ಇದೇ ಕ್ರಮದಲ್ಲಿ ನೋಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಕಾನೂನಿನ ಭಾಗವೂ ಪ್ರದರ್ಶನದಲ್ಲಿ ತೆಳು. ಮಗ ‘ಸತ್ತಿದ್ದಾನೆ’ ಎಂದು ಸಹಿ ಹಾಕಿದರೆ ಹುಡುಕಾಟ ಬಿಟ್ಟಂತೆ. ಹಾಕದಿದ್ದರೆ ಜಮೀನು, ವಾರಸುದಾರಿಕೆ ಎಲ್ಲ ತಡೆದು ನಿಲ್ಲುತ್ತಿತ್ತು. ಈ ಇಕ್ಕಟ್ಟಿಗಾಗಿಯೇ 2004ರ 28413ನೇ ಕಾನೂನು ‘ಬಲವಂತದ ಕಣ್ಮರೆಯಿಂದ ಗೈರುಹಾಜರಿ’ ಎಂಬ ಪ್ರತ್ಯೇಕ ಸ್ಥಿತಿಯನ್ನು ಸೃಷ್ಟಿಸಿತು. 2005ರ 28592ನೇ ಕಾನೂನು ಪರಿಹಾರ ಯೋಜನೆ ತಂದಿತು. ಕೊನೆಗೆ ನಿಗದಿಯಾದ ಮೊತ್ತ ಸತ್ತ ಒಬ್ಬ ವ್ಯಕ್ತಿಗೆ 10,000 ಸೋಲ್, ಅದನ್ನೂ ಮನೆಯವರೆಲ್ಲ ಹಂಚಿಕೊಳ್ಳಬೇಕು. ಅವಮಾನ ಎನ್ನದೆ ಬೇರೆ ಏನೆನ್ನಬೇಕು?

ಅರ್ಧ ದಿನ ಬಿಡುವಿದ್ದರೆ ವಿಮಾನ ನಿಲ್ದಾಣದ ಪಕ್ಕದ ಲಾ ಹೊಯಾಡಾ ಬಯಲಿಗೂ ಹೋಗಿ. ಲೋಸ್ ಕಾಬಿಟೋಸ್‌ಗೆ ಸೇರಿದ ಜಾಗ. ಹೆಣ ಸುಡಲು ಕಟ್ಟಿದ ಕುಲುಮೆಯ ಅವಶೇಷ ಸಿಕ್ಕಿದ್ದು ಇಲ್ಲೇ. ನೂರಕ್ಕೂ ಹೆಚ್ಚು ಜನರ ಅವಶೇಷಗಳನ್ನು ಹೊರತೆಗೆದರೂ ಗುರುತು ಸಿಕ್ಕವರು ಕಡಿಮೆ. ಸುಟ್ಟ ಎಲುಬಿನಲ್ಲಿ ಡಿಎನ್‌ಎ ಹಾಳಾಗಿರುತ್ತದೆ. ಹೋಲಿಸಲು ರಕ್ತದ ಮಾದರಿ ಕೊಡಬೇಕಾದ ತಾಯಂದಿರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಈ ಬ್ಯಾರಕ್‌ನ 1983ರ ಪ್ರಕರಣದಲ್ಲಿ ಇಬ್ಬರು ಸೇನಾಧಿಕಾರಿಗಳಿಗೆ ಶಿಕ್ಷೆಯಾದದ್ದು 2017ರ ಆಗಸ್ಟ್‌ನಲ್ಲಿ. ಅದೇ ತಿಂಗಳ 28ರಂದು ಆಂಜೆಲಿಕಾ ಮೆಂಡೋಸಾ ಮಗನ ಎಲುಬು ಸಿಗದೆಯೇ ತೀರಿಕೊಂಡರು. ಬಯಲಿನಲ್ಲಿ ಕುಟುಂಬಗಳು ನೆಟ್ಟ ಶಿಲುಬೆಗಳಿವೆ, ನೆರಳಿಲ್ಲ; ಟೋಪಿ, ನೀರು ಜೊತೆಗಿರಲಿ.

ಲಿಮಾದಿಂದ ವಿಮಾನದಲ್ಲಿ ಸುಮಾರು ಒಂದು ಗಂಟೆ. ರಾತ್ರಿ ಬಸ್ಸು ಅಗ್ಗ, ಆದರೆ 4,700 ಮೀಟರ್ ದಾಟಿದ ಕಣಿವೆದಾರಿ ಹತ್ತಿ ಇಳಿಯುತ್ತದೆ. ತಲೆನೋವು, ವಾಂತಿ ಆಗುವ ಜಾಗ ಅದು. ಊರೇ 2,761 ಮೀಟರ್ ಎತ್ತರದಲ್ಲಿರುವುದರಿಂದ ಬಂದ ದಿನ ವಿಶ್ರಾಂತಿ ತೆಗೆದುಕೊಂಡು ಮರುದಿನ ಹೋಗುವುದು ಮೇಲು. ಮಧ್ಯಾಹ್ನ ಮುಚ್ಚಿರಬಹುದು, ಬೆಳಿಗ್ಗೆಯೇ ಹೋಗಿ. ಬರಹವೆಲ್ಲ ಹೆಚ್ಚಾಗಿ ಸ್ಪ್ಯಾನಿಷ್‌ನಲ್ಲಿದೆ. ಫೋನಿನ ಅನುವಾದ ಆ್ಯಪ್ ಅನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸೋಲ್ ಚಿಲ್ಲರೆ ಇರಲಿ. ಸಂಘದ ಹಿರಿಯರು ಇದ್ದರೆ ಕೇಳದೆ ಫೋಟೊ ತೆಗೆಯಬೇಡಿ. ಮಗನ ಬಗ್ಗೆ ಮತ್ತೆ ಹೇಳಿಸುವುದಕ್ಕಿಂತ 2025ರ ಆಗಸ್ಟ್‌ನಲ್ಲಿ ಸೈನಿಕರು, ಪೊಲೀಸರಿಗೆ ಕ್ಷಮಾದಾನ ಕೊಟ್ಟ ಕಾನೂನಿನ ವಿರುದ್ಧ ಸಂಘ ಈಗ ಏನು ಮಾಡುತ್ತಿದೆ ಎಂದು ಕೇಳಿ. ಮಾತು ತಾನಾಗಿ ಬೆಳೆಯುತ್ತದೆ.