ಎಸರು, ಜಿಗಿ, ಚಿಟಿಕೆ: ಬ್ರಹ್ಮಪುರದ ಭಾನುವಾರದ ಅಡುಗೆ ಕ್ಲಾಸು

ತೊಗರಿ ಕಣಜ ಅನ್ನಿಸಿಕೊಂಡ ಕಲಬುರಗಿಯಲ್ಲಿ ಹುಟ್ಟಿ, 59 ವರ್ಷ ಇಲ್ಲೇ ಬ್ಯಾಳಿ ಉಂಡವನು ನಾನು. ಆದರೂ ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಬೇಳೆ ಬೇಯಿಸಲು ಬರದೆ ಬಾಳೆಹಣ್ಣು ತಿಂದು ಮಲಗಿದೆ. ಮಗಳ ಹೆರಿಗೆ ಪುಣೆಯಲ್ಲಿ ಆಯಿತು. ನಮ್ಮೂರ ಬಿಸಿಲಿಗೆ ಕೂಸನ್ನು ಕರೆತರುವುದು ಬೇಡ ಅಂತ ಮನೆಯವಳೇ ಬಾಣಂತನಕ್ಕೆ ಅಲ್ಲಿಗೆ ಹೋದಳು. ಮೂರು ತಿಂಗಳು ಮನೆಯಲ್ಲಿ ನಾನೊಬ್ಬನೇ.

ಆ ರಾತ್ರಿ ಕುಕ್ಕರಿಗೆ ತೊಗರಿ ಬೇಳೆ, ಹುಣಸೆಹಣ್ಣು, ಉಪ್ಪು, ಖಾರ ಎಲ್ಲ ಒಟ್ಟಿಗೆ ಸುರಿದು ಐದು ಸೀಟಿ ಹೊಡೆಸಿದ್ದೆ. ತೆಗೆದು ನೋಡಿದರೆ ಬೇಳೆ ಕಾಳು ಕಾಳಾಗಿ ನಿಂತಿತ್ತು. ಇನ್ನೂ ಮೂರು ಸೀಟಿ ಆಯಿತು. ಅದೇ ಹಣೆಬರಹ. ಮರುದಿನ ಕಿರಾಣಿ ಅಂಗಡಿಗೆ ಹೋಗಿ, ‘ಹಳೇ ಬ್ಯಾಳಿ ಕೊಟ್ಟೀಯಲ್ಲ’ ಅಂತ ಜಗಳ ತೆಗೆದೆ. ಆತ ನಕ್ಕು, ಬ್ರಹ್ಮಪುರದಲ್ಲಿ, ಶರಣಬಸವೇಶ್ವರ ಗುಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬರು ಅಡುಗೆ ಕಲಿಸುತ್ತಾರೆ ಅಂತ ಹೇಳಿ ನಂಬರ್ ಕೊಟ್ಟ.

ಬೋರ್ಡಿಲ್ಲ, ಕ್ಲಾಸಿಗೆ ಹೆಸರೂ ಇಲ್ಲ. ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಹೆಣ್ಣುಮಗಳು ತಮ್ಮ ಮನೆಯ ನಡುಮನೆಯಲ್ಲೇ ನಡೆಸುತ್ತಾರೆ. ನಾವೆಲ್ಲ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಿದ್ದೆವು. ಆರು ಭಾನುವಾರ, 1,800 ರೂಪಾಯಿ, ಸಾಮಾನು ಅವರದೇ. ನಮ್ಮ ಬ್ಯಾಚಿನಲ್ಲಿ ಒಂಬತ್ತು ಜನ. ಮದುವೆ ಗೊತ್ತಾದ ಇಬ್ಬರು ಹುಡುಗಿಯರು, ರೂಮ್ ಮಾಡಿಕೊಂಡಿರುವ ನಾಲ್ಕೈದು ಹುಡುಗರು, ಮೈಸೂರು ಕಡೆಯಿಂದ ಕೆಲಸಕ್ಕೆ ಬಂದ ಒಬ್ಬ ಮೇಷ್ಟ್ರು. ಎಲ್ಲರಿಗೂ ನಾನೇ ಕಾಕಾ.

ಮೊದಲ ಭಾನುವಾರ ಅಡುಗೆಯೇ ಇಲ್ಲ. ಬರೀ ನೀರು ಕಾಯಿಸಿದ್ದು. ನನಗೆ ಸಿಟ್ಟೇ ಬಂತು, ದುಡ್ಡು ಕೊಟ್ಟು ನೀರು ನೋಡಬೇಕಾ ಅಂತ. ಆದರೆ ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳುವುದು ಯಾವಾಗ, ನೀರು ಸುಂಯ್ ಅನ್ನುವುದು ಯಾವಾಗ, ಕೊತಕೊತ ಕುದಿಯುವುದು ಯಾವಾಗ ಅಂತ ಕೂತು ನೋಡಿದ್ದು ಆಮೇಲೆ ಪ್ರತಿ ದಿನ ಉಪಯೋಗಕ್ಕೆ ಬಂತು. ಅಲ್ಲಿಯವರೆಗೆ ‘ಎಸರು’ ಅಂದರೆ ಬಿಸಿನೀರು ಅಂದುಕೊಂಡಿದ್ದೆ. ಎಸರು ಅಂದರೆ ಕುದಿಯುತ್ತಿರುವ ನೀರು. ಅದು ಬರೀ ಬಿಸಿ ಇದ್ದರೆ ರೊಟ್ಟಿ ಕೆಡುತ್ತದೆ.

ನನ್ನ ಬೇಳೆಯ ಕಥೆ ಕೇಳಿ ಅಕ್ಕೋರು ಒಂದೇ ಮಾತು ಹೇಳಿದರು: ‘ಹುಳಿ ಬಿತ್ತಂದ್ರ ಬ್ಯಾಳಿ ಬಿರುಸಾಗ್ತದ್ರಿ ಅಣ್ಣಾರ. ಮೊದಲ ಬೇಯಲಿ, ಆಮ್ಯಾಲ ಹುಣಸಿ ಹಾಕ್ರಿ.’ ಅಷ್ಟೇ! 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ಬೆಳೆ ಅನ್ನುವ ಸರಕಾರಿ ಗುರುತು) ಪಡೆದ ನಮ್ಮೂರ ತೊಗರಿಗೆ ನಾನು ಸುಮ್ನೆ ಅಪವಾದ ಹೊರಿಸಿದ್ದೆ.

ಒಗ್ಗರಣೆಯ ದಿನ ಒಬ್ಬೊಬ್ಬರೇ ಒಲೆ ಮುಂದೆ ನಿಂತು ಮಾಡಬೇಕು. ಎಣ್ಣೆ ಕಾದಿದೆಯೋ ಇಲ್ಲವೋ ನೋಡಲು ಒಂದೇ ಒಂದು ಸಾಸಿವೆ ಕಾಳು. ಅದು ಸಿಡಿದರೆ ಉಳಿದದ್ದು. ಆಮೇಲೆ ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಕರಿಬೇವು. ಅರಿಶಿನ, ಖಾರ ಉರಿ ಆರಿಸಿದ ಮೇಲೆ. ನಾನು ಉರಿ ಆರಿಸುವುದು ಮರೆತು ಖಾರ ಹಾಕಿಬಿಟ್ಟೆ. ಒಂಬತ್ತೂ ಜನ ಕೆಮ್ಮುತ್ತಾ ಹೊರಗೆ ಓಡಿದೆವು. ಮೈಸೂರಿನ ಮೇಷ್ಟ್ರದು ಬೇರೆ ಗೋಳು. ಅಕ್ಕೋರು ‘ಖಾರ ಹಾಕ್ರಿ’ ಅಂದಾಗ ಆತ ಡಬ್ಬಿಗಳನ್ನೆಲ್ಲ ತೆಗೆದು ನೋಡುತ್ತಾ, ‘ಮೇಡಂ, ಖಾರಕ್ಕೆ ಏನು ಹಾಕಲಿ?’ ಅಂತ ಕೇಳಿದ. ನಮ್ಮಲ್ಲಿ ಮೆಣಸಿನಪುಡಿಗೇ ಖಾರ ಅನ್ನುತ್ತಾರೆ ಅಂತ ಅವನಿಗೆ ಯಾರು ಹೇಳಬೇಕು?

ಹುರಿಯುವುದು, ಕರಿಯುವುದು, ಬಾಡಿಸುವುದು ಬೇರೆ ಬೇರೆ ಅಂತ ತಿಳಿದದ್ದೂ ಅಲ್ಲೇ. ಶೇಂಗಾ ಸಣ್ಣ ಉರಿಯಲ್ಲಿ, ಕೈ ಬಿಡದೆ. ಸಿಪ್ಪೆ ಚಟಚಟ ಅಂದು, ಉಜ್ಜಿದರೆ ಬಿಡಬೇಕು. ಉರಿ ಜಾಸ್ತಿ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಆ ದಿನದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಡಬ್ಬಿಗೆ ಹಾಕಿ ಮನೆಗೂ ಕೊಟ್ಟರು. ನಾಲ್ಕು ದಿನ ಅದರ ಮೇಲೇ ಬದುಕಿದೆ.

ಕೊಟ್ಟ ದುಡ್ಡು ವಸೂಲಾದದ್ದು ಮಾತ್ರ ರೊಟ್ಟಿಯ ಎರಡು ಭಾನುವಾರಗಳಲ್ಲಿ. ಅಕ್ಕೋರು ಮೊದಲು ಎರಡು ಉಂಡೆ ಮಾಡಿ ತೋರಿಸಿದರು. ಜೋಳದ ಹಿಟ್ಟು ಎರಡಕ್ಕೂ ಒಂದೇ. ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಎಸರು. ತಣ್ಣೀರಿನದು ಕೈ ಬಡಿದ ಕೂಡಲೇ ಒಡೆದು ನಾಲ್ಕು ತುಂಡಾಯಿತು. ಗೋಧಿಯಲ್ಲಿ ಅಂಟು ಇರುತ್ತದೆ, ಜೋಳದಲ್ಲಿ ಇಲ್ಲ. ಎಸರು ಬಿದ್ದಾಗ ಹಿಟ್ಟು ಅರ್ಧ ಬೆಂದು ಜಿಗಿ ಬರುತ್ತದೆ. ಬೀಸಿಸಿ ಬಹಳ ದಿನ ಇಟ್ಟ ಹಿಟ್ಟಿಗೆ ಜಿಗಿ ಕಡಿಮೆ, ಅದಕ್ಕೇ ಸ್ವಲ್ಪ ಸ್ವಲ್ಪವೇ ಬೀಸಿಸಬೇಕಂತೆ.

ಪರಾತದಲ್ಲಿ ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಹೊಯ್ದು ಮೊದಲು ಚಮಚದ ಹಿಡಿಯಿಂದ ಕಲಸಬೇಕು. ಆಮೇಲೆ ಅಂಗೈ ಬುಡದಿಂದ ಮಿದಿಯಬೇಕು, ಒಂದು ಸಲಕ್ಕೆ ಒಂದೇ ರೊಟ್ಟಿಗಾಗುವಷ್ಟು. ನಾನು ಸುಡುತ್ತದೆ ಅಂತ ಹಿಂಜರಿದಾಗ ‘ಯಾಕ್ ಹೆದರ್ತೀರಿ, ಹಿಟ್ಟೇನ್ ಕಡೀತದೇನ್ರಿ?’ ಅಂದರು. ಬಡಿಯುವಾಗ ಕೆಳಗೆ ಒಣಹಿಟ್ಟು ಸಾಕಷ್ಟು ಇದ್ದರೆ ರೊಟ್ಟಿ ತಾನೇ ತಿರುಗುತ್ತದೆ. ನಾವು ತಿರುಗಿಸುವ ಹಾಗಿಲ್ಲ. ನನಗೆ ಇದು ಬರಲು ಹದಿನಾಲ್ಕನೇ ರೊಟ್ಟಿ ಆಗಬೇಕಾಯಿತು. ನಾನು ಬಸ್ ಡಿಪೋದಲ್ಲಿ ಕ್ಯಾಷಿಯರ್ ಆಗಿದ್ದವನು. ಮೊದಲ ಹದಿಮೂರೂ ಕಂಡಕ್ಟರು ತಂದು ಕೊಡುತ್ತಿದ್ದ ಹರಕು ಹತ್ತರ ನೋಟಿನ ಹಾಗೇ ಇದ್ದವು. ಹಂಚಿನ ಮೇಲೆ ಹಾಕಿ, ಹಸಿ ಬಟ್ಟೆಯಿಂದ ನೀರು ಸವರಿ, ಆ ನೀರು ಆರುತ್ತಲೇ ಮಗುಚಬೇಕು. ಪೂರಾ ಒಣಗಲು ಬಿಟ್ಟರೆ ಬಿರುಕು. ಹದಿನಾಲ್ಕನೆಯದು ಉಬ್ಬಿತು. ಆ ಹುಡುಗರೆಲ್ಲ ಚಪ್ಪಾಳೆ ಹೊಡೆದರು, ನನಗೆ ನಾಚಿಕೆಯಾಯಿತು.

ಈಗ ಕೊರತೆಗಳು. ಹತ್ತು ಗಂಟೆ ಅಂತ ಹೇಳಿ ಶುರುವಾಗುವುದು ಹತ್ತೂ ಮುಕ್ಕಾಲಿಗೆ. ಒಂಬತ್ತು ಜನಕ್ಕೆ ಒಂದೇ ಒಲೆ, ಎರಡು ಬರ್ನರ್. ಅರ್ಧ ಹೊತ್ತು ನಿಮ್ಮ ಪಾಳಿ ಕಾಯುವುದರಲ್ಲೇ ಹೋಗುತ್ತದೆ. ಕೊಡುವ ಜೆರಾಕ್ಸ್ ಹಾಳೆ ಎಲ್ಲಿಂದ ತೆಗೆದದ್ದೋ, ಅದರಲ್ಲಿ ಈರುಳ್ಳಿ, ಹುರಿಗಡಲೆ ಅಂತಲೇ ಇದೆ. ಅಕ್ಕೋರ ಬಾಯಲ್ಲಿ ಅವು ಉಳ್ಳಾಗಡ್ಡಿ, ಪುಠಾಣಿ. ಹೊಸಬರಿಗೆ ಗಲಿಬಿಲಿ ಆಗುತ್ತದೆ. ಕೊನೇ ಭಾನುವಾರದ ಕುಕ್ಕರ್ ಕೇಕ್ ದಂಡ. ಆ ಹೊತ್ತಿನಲ್ಲಿ ನಮ್ಮ ಕಡೆಯ ಪುಂಡಿ ಸೊಪ್ಪಿನ ಪಲ್ಯ ಕಲಿಸಬಹುದಿತ್ತು, ಅಲ್ವಾ?

ಇನ್ನೊಂದು, ಅಳತೆ. ಗ್ರಾಂ ಕೇಳಿದರೆ ಅಕ್ಕೋರು ಮೂರು ಬೆರಳು ತೋರಿಸುತ್ತಾರೆ. ನನಗೆ ಲೆಕ್ಕವಿಲ್ಲದೆ ನಿದ್ದೆ ಬರುವುದಿಲ್ಲ. ಅವರ ಕೈಯಿಂದಲೇ ಐದು ಚಿಟಿಕೆ ಉಪ್ಪನ್ನು ಚೀಟಿಯಲ್ಲಿ ಕಟ್ಟಿಸಿಕೊಂಡು ಹೋಗಿ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. ಎರಡು ಗ್ರಾಮಿನ ಮೇಲೆ ಸ್ವಲ್ಪ ಬಂತು. ಅದನ್ನು ಹೇಳಿದಾಗ ಅಕ್ಕೋರು ಬೇಜಾರು ಮಾಡಿಕೊಳ್ಳಲಿಲ್ಲ. ‘ಮತ್ತ ನಿಮ್ಮ ಬಟ್ಟು ತೂಗಿರೇನು?’ ಅಂದರು. ನನ್ನ ಬೆರಳು ದಪ್ಪ, ನನ್ನ ಚಿಟಿಕೆಯೂ ದೊಡ್ಡದು. ನನ್ನ ಅಡುಗೆಯಲ್ಲಿ ಉಪ್ಪು ಯಾಕೆ ಜಾಸ್ತಿಯಾಗುತ್ತಿತ್ತು ಅಂತ ಆಗ ಗೊತ್ತಾಯಿತು.

ಮನೆಯವಳು ಪುಣೆಯಿಂದ ಬಂದ ದಿನ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಬ್ಯಾಳಿ ಮಾಡಿದ್ದೆ. ಎರಡು ರೊಟ್ಟಿ ಉಂಡಳು. ಎಣ್ಣೆಗಾಯಿ ಬದಿಗೆ ಸರಿಸಿದಳು. ಅದು ಕ್ಲಾಸಿನಲ್ಲಿ ಕಲಿಸಿದ್ದಲ್ಲ, ನಾನು ಫೋನಿನಲ್ಲಿ ನೋಡಿ ಮಾಡಿದ್ದು.

ಅಡುಗೆ ಗೊತ್ತಿದ್ದು ಹೊಸ ರುಚಿ ಹುಡುಕುವವರು ಹೋಗಬೇಡಿ, ಬೇಸರವಾಗುತ್ತದೆ. ಒಲೆ ಹಚ್ಚಲೂ ಹೆದರುವವರಿಗೆ ಇದು ಸರಿ. ಮೊದಲೇ ಫೋನ್ ಮಾಡಿ, ಕೈಬಟ್ಟೆ ಒಂದು ಒಯ್ಯಿರಿ. ಬೇಸಿಗೆಯ ಬ್ಯಾಚಾದರೆ ಬೇಗ ಹೋಗಿ ಕಿಟಕಿ ಪಕ್ಕದ ಜಾಗ ಹಿಡಿಯಿರಿ. ಒಲೆ ಹಚ್ಚಿದ ಮೇಲೆ ಅಲ್ಲಿ ಫ್ಯಾನ್ ಹಾಕುವ ಹಾಗಿಲ್ಲ.